ಬಾಗಿಲಾಚೆಯ ಕಿವಿ

ಮೊದಲನೆಯ ಹುಡುಗ ದೊಡ್ಡ ಡಾಕ್ಟರು ಆಪರೇಷನ್ ಮಾಡಿದವನು ಎಂದು ಪರದೆಯ ಈಚೆಯಿಂದಲೇ ಅವಳಿಗೆ ಗೊತ್ತಾಯಿತು. ಸದ್ದು ಮೆಲ್ಲಗೆ ಶುರುವಾಗಿ, ತುಂಬಿಕೊಂಡು, ಎತ್ತರದಲ್ಲಿ ಒಂದು ಗಳಿಗೆ ನಿಂತು, ಬಂದ ಹಾಗೆಯೇ ಮೆಲ್ಲಗೆ ಇಳಿದುಹೋಯಿತು. ಮೇಜಿನ ಮೇಲಿನ ಮಷೀನು ಅದನ್ನೇ ಕಾಗದದ ಮೇಲೆ ಗುಡ್ಡ ಮಾಡಿ ಬರೆಯಿತು. ಗುಡ್ಡ ಬಂದರೆ ಒಳ್ಳೆಯದು. ಬಯಲು ಬಂದರೆ ದಾರಿ ಎಲ್ಲೋ ಇಕ್ಕಟ್ಟಾಗಿದೆ ಎಂದು ಡಾಕ್ಟರುಗಳು ಹುಬ್ಬು ಗಂಟಿಕ್ಕುತ್ತಾರೆ. ಮಕ್ಕಳ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿರುವ ಈ ಕೋಣೆಗೆ ಎಲ್ಲರೂ ಫ್ಲೋ ರೂಮು ಎನ್ನುತ್ತಾರೆ. ಕೆಲವು ಗಂಡುಮಕ್ಕಳಿಗೆ ಹುಟ್ಟುವಾಗಲೇ ಮೂತ್ರದ ದಾರಿ ತುದಿಯವರೆಗೆ ಬರದೆ ಕೆಳಗೆಲ್ಲೋ ತೆರೆದುಕೊಂಡಿರುತ್ತದೆ. ಹೈಪೋಸ್ಪೇಡಿಯಾಸ್ ಎಂಬ ಬಾಯಿಗೆ ಹಿಡಿಯದ ಹೆಸರು ಅದಕ್ಕೆ. ಆಪರೇಷನ್ ಮಾಡಿಸಿಕೊಂಡ ಮೇಲೆ ಆ ಹುಡುಗರು ಆಗಾಗ ಇಲ್ಲಿಗೆ ಬಂದು, ಪರದೆಯ ಹಿಂದಿನ ಆಲಿಕೆಯೊಳಗೆ ಉಚ್ಚೆ ಹೊಯ್ದು ಹೋಗಬೇಕು. ಹೊಯ್ಯಿಸುವುದು ಅವಳ ಕೆಲಸ. ಹೇಳಿದ ಕೂಡಲೇ ಬರುವುದು ಯಾರಿಗೆ ತಾನೇ ಸಾಧ್ಯ? ಅವಳು ಮೂಲೆಯ ನಲ್ಲಿಯನ್ನು ಸಣ್ಣಗೆ ತಿರುಗಿಸಿಡುತ್ತಾಳೆ, ಎಂಟು ಲೋಟ ನೀರು ಕುಡಿದು ಬಸ್ಸು ಹತ್ತಿದ ಆನೆಯ ಕಥೆ ಹೇಳುತ್ತಾಳೆ, ಕಥೆಯಲ್ಲಿ ಆನೆ ಬಸ್ಸಿಳಿಯುವ ಮೊದಲೇ ಪರದೆಯ ಹಿಂದೆ ಕೆಲಸ ಮುಗಿದಿರುತ್ತದೆ. ಹುಡುಗರು ಅವಳನ್ನು ನಲ್ಲಿ ಅಕ್ಕ ಎನ್ನುತ್ತಾರೆ. ತನ್ನ ಕೋಣೆಯಿಂದ ಯಾವ ಹುಡುಗನೂ ಹಾಗೇ ವಾಪಸು ಹೋಗಿಲ್ಲ ಎಂಬುದು ಅವಳು ಯಾರೆದುರಿಗೂ ಆಡಿ ತೋರಿಸದ, ಆದರೆ ಒಳಗೊಳಗೇ ದಿನವೂ ಒರೆಸಿಡುವ ಹೆಮ್ಮೆ.

ಇವತ್ತು ಅದನ್ನು ಒರೆಸಲು ಅವಳಿಗೆ ಧೈರ್ಯವಾಗಲಿಲ್ಲ. ಊಟದ ಹೊತ್ತಿನೊಳಗೆ ತಮ್ಮನ ಮಗ ಬರುವವನಿದ್ದ. ಐದು ವರ್ಷದ ಅವನಿಗೆ ಮನೆಯಲ್ಲಿ ಮಂತ್ರಿ ಎಂದು ಹೆಸರು. ನಡೆಯಲು ಕಲಿತ ದಿನದಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿ, ಯಾವುದೋ ಸೇತುವೆಯ ಕೆಲಸ ನೋಡಲು ಬಂದವನ ಹಾಗೆ ಮನೆಯೆಲ್ಲ ತಿರುಗುತ್ತಿದ್ದ. ಎರಡು ವರ್ಷದವನಿದ್ದಾಗ ಆಪರೇಷನ್ ಆಗಿತ್ತು. ಇಷ್ಟು ದಿನ ಚಿಕ್ಕವನೆಂದು ಬಿಟ್ಟಿದ್ದರು, ಇವತ್ತು ಮೊದಲ ಪರೀಕ್ಷೆ. ಪರೀಕ್ಷೆ ಅವನಿಗಲ್ಲ ತನಗೆ ಎಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವಳಿಗೆ ಅನ್ನಿಸಿತ್ತು. ಯಾಕೆಂದರೆ ಅವನನ್ನು ಸಣ್ಣ ಡಾಕ್ಟರ ಕೈಗೆ ಒಪ್ಪಿಸಿದವಳು ಅವಳೇ. ಸಣ್ಣ ಡಾಕ್ಟರು ಆರಡಿ ಎತ್ತರ, ದೊಡ್ಡ ಡಾಕ್ಟರು ಅವರ ಭುಜಕ್ಕೆ ಬರುತ್ತಾರೆ. ಹೆಸರುಗಳು ವಯಸ್ಸಿನಿಂದ ಬಂದವು. ಸಣ್ಣ ಡಾಕ್ಟರದು ಒಂದೇ ಹಂತದ ರಿಪೇರಿ. ಒಮ್ಮೆ ಅವರು ಇದೇ ಮೇಜಿನ ಮೇಲೆ ಒಂದು ಕಾಗದದ ಪಟ್ಟಿಯನ್ನು ಇಟ್ಟು, ನಡುವೆ ಬ್ಲೇಡಿನಿಂದ ಉದ್ದಕ್ಕೆ ಗೀರಿ, "ನೋಡಿ, ಇಲ್ಲಿ ಚರ್ಮದ್ದು ಒಂದು ಪಟ್ಟಿ ಇದ್ದೇ ಇರತ್ತೆ. ಹೀಗೆ ಗೀರಿದ್ರೆ ಅಗಲ ಆಗತ್ತೆ. ಅಗಲ ಆದ್ರೆ ಸುತ್ತಬಹುದು," ಎಂದು ಅದನ್ನು ಪೆನ್ಸಿಲ್ಲಿಗೆ ಸುತ್ತಿ ತೋರಿಸಿದ್ದರು. ಕೊಳವೆ ಆಯಿತು. ಮುಗಿಯಿತು. ಪೆನ್ಸಿಲನ್ನು ಎಳೆದು, ಕಾಗದದ ಕೊಳವೆಯೊಳಗಿಂದ ಒಂದು ಕಣ್ಣಲ್ಲಿ ಅವಳನ್ನು ನೋಡಿ ನಕ್ಕಿದ್ದರು. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಡಿಪ್ಲೊಮಾ ಮಾಡಿದವಳಿಗೆ, ಡಾಕ್ಟರೊಬ್ಬರು ತಮ್ಮ ಸಮಯ ಕೊಟ್ಟು ಕಾಗದ ಸುತ್ತಿ ತೋರಿಸಿದ್ದೇ ದೊಡ್ಡ ಮಾತಾಗಿತ್ತು. ಆ ಕಾಗದವನ್ನು ಎಷ್ಟೋ ದಿನ ಡ್ರಾಯರಿನಿಂದ ಎಸೆದಿರಲಿಲ್ಲ.

ದೊಡ್ಡ ಡಾಕ್ಟರು ಕಾಗದ ಸುತ್ತುವವರಲ್ಲ. ಅವರದು ಎರಡು ಹಂತ. ಮೊದಲ ಸಲ ಬಾಗಿದ ಅಂಗವನ್ನು ನೆಟ್ಟಗೆ ಮಾಡಿ, ಬೇರೆ ಕಡೆಯ ಚರ್ಮ ತಂದು ಹಾಸಿ ಬಿಡುತ್ತಾರೆ. ಆರು ತಿಂಗಳು ಅದು ಬೇರೂರಲಿ ಎಂದು ಕಾದು, ಎರಡನೇ ಸಲ ಸುತ್ತಿ ಹೊಲಿಯುತ್ತಾರೆ. "ಜಾಗ ಇಲ್ಲದ ಕಡೆ ಕೊಳವೆ ಮಾಡಕ್ಕೆ ಹೋದ್ರೆ ಇಕ್ಕಟ್ಟಾಗದೆ ಇನ್ನೇನಾಗತ್ತೆ," ಎಂದು ಅವರು ಮೀಟಿಂಗಿನಲ್ಲಿ ಹೇಳಿದರೆ, "ಸರ್, ಮಗೂನ ಎರಡು ಸಲ ಉಪವಾಸ ಕೆಡವಿ, ಎರಡು ಸಲ ಮತ್ತಿನ ಮದ್ದು ಕೊಟ್ಟು, ಎರಡು ಸಲ ಅಳಿಸೋದಕ್ಕೂ ಒಂದು ಲೆಕ್ಕ ಇದೆಯಲ್ಲ," ಎಂದು ಸಣ್ಣವರು ಅನ್ನುತ್ತಿದ್ದರು. ಹೊಲಿಗೆ ಒಂದು ಕಡೆ ಬಿಟ್ಟು ಸೋರುವ ಭಯ ಇಬ್ಬರ ಕೆಲಸದಲ್ಲೂ ಇತ್ತು. ತುದಿಯ ಹತ್ತಿರವೇ ತೆರೆದುಕೊಂಡ ಹುಡುಗರಿಗೆ ಒಂದು ಹಂತ ಸಾಕು, ತುಂಬ ಕೆಳಗಿದ್ದು ಬಾಗಿದವರಿಗೆ ಎರಡು ಬೇಕೇ ಬೇಕು ಎಂಬುದನ್ನು ಇಬ್ಬರೂ ಒಪ್ಪುತ್ತಿದ್ದರು. ಜಗಳವೆಲ್ಲ ನಡುವಿನವರ ಮೇಲೆ. ಮಂತ್ರಿ ನಡುವಿನವನು. ತಮ್ಮ ಅವಳ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, "ಅಕ್ಕ, ದಿನಾ ನೋಡೋಳು ನೀನು. ಯಾರ ಹತ್ರ ಮಾಡಿಸ್ಲಿ?" ಎಂದು ಕೇಳಿದಾಗ ಅವಳು ತೊಳೆಯುತ್ತಿದ್ದ ಪಾತ್ರೆಯಿಂದ ಕಣ್ಣೆತ್ತದೆ, "ಒಂದೇ ಸಲಕ್ಕೆ ಮುಗಿಯೋದಾದ್ರೆ ಎರಡು ಸಲ ಯಾಕೆ," ಎಂದುಬಿಟ್ಟಿದ್ದಳು. ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದವಳು, "ನೀವು ಹೇಳಿದ್ರೆ ಮುಗೀತು ಅತ್ತಿಗೆ," ಅಂದಿದ್ದಳು. ಆ ಮಾತು ಮುಗಿದಿರಲಿಲ್ಲ. ಮೂರು ವರ್ಷದಿಂದ ಅವಳ ಒಳಗೆ ಕೂತೇ ಇತ್ತು.

ಅದಕ್ಕೆ ಕಾರಣವೂ ಇತ್ತು, ಆದರೆ ಅದನ್ನು ಅವಳು ಯಾರಿಗೂ ಹೇಳುವ ಹಾಗಿರಲಿಲ್ಲ. ಗ್ರಾಫುಗಳನ್ನು ನೋಡಿ ಹೇಳಿದೆ ಎಂದು ತಮ್ಮ ನಂಬಿದ್ದ. ನಿಜವಾಗಿ ಅವಳು ಒಂದು ಕುರ್ಚಿಯನ್ನು ನೋಡಿ ಹೇಳಿದ್ದಳು. ಅದಕ್ಕೆ ಸ್ವಲ್ಪ ಹಿಂದಿನ ಮೀಟಿಂಗಿಗೆ ಅವಳು ಗ್ರಾಫುಗಳನ್ನು ಎದೆಗವುಚಿಕೊಂಡು ಹೋಗಿ ಬಾಗಿಲಲ್ಲಿ ನಿಂತಾಗ ಸಣ್ಣ ಡಾಕ್ಟರು ಎದ್ದು, "ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದು ತಮ್ಮ ಕುರ್ಚಿಯನ್ನೇ ಸರಿಸಿದ್ದರು. ಅವಳು ಕೂತು ಇನ್ನೂ ಸೆರಗು ಸರಿಮಾಡಿಕೊಳ್ಳುತ್ತಿರುವಾಗ ದೊಡ್ಡ ಡಾಕ್ಟರು ತಲೆಯೆತ್ತಿ, "ಏನಮ್ಮ, ಆ ಫ್ಯಾನು ಸ್ವಲ್ಪ ಜೋರು ಮಾಡ್ತೀಯಾ?" ಅಂದರು. ಎದ್ದು ಫ್ಯಾನು ಜೋರು ಮಾಡಿ ಬರುವಷ್ಟರಲ್ಲಿ ಗ್ರಾಫುಗಳೆಲ್ಲ ಹಾರಿ ನೆಲಕ್ಕೆ ಬಿದ್ದು, ಯಾರ ಹುಡುಗರದು ಯಾವುದು ಎಂದು ಕಲೆಸಿಹೋಗಿ, ಮೇಜಿನ ಕೆಳಗೆ ಮೊಣಕಾಲೂರಿ ಹೆಕ್ಕಬೇಕಾಯಿತು. ಅಲ್ಲಿಂದ ಅವಳಿಗೆ ಕಂಡದ್ದು ಡಾಕ್ಟರುಗಳ ಬೂಟುಗಳು ಮಾತ್ರ. ಒಂದು ಮಗುವಿನ ಜೀವಮಾನದ ವಿಷಯವನ್ನು ತಾನು ಕುರ್ಚಿ ಮತ್ತು ಫ್ಯಾನಿನ ನಡುವೆ ತೂಗಿ ಹೇಳಿದೆನೇ? ಇಲ್ಲ ಎಂದು ಹೇಳಿಕೊಳ್ಳಲು ಅವಳ ಹತ್ತಿರ ಕಾರಣಗಳಿದ್ದವು, ಒಳ್ಳೆಯ ಕಾರಣಗಳೇ. ಆದರೆ ಅವೆಲ್ಲ ಉತ್ತರ ಕೊಟ್ಟ ಮೇಲೆ ಒಂದೊಂದಾಗಿ ಬಂದು ಸೇರಿಕೊಂಡಿದ್ದವು, ಮದುವೆ ಮುಗಿದ ಮೇಲೆ ಉಡುಗೊರೆ ಹಿಡಿದು ಬರುವ ನೆಂಟರ ಹಾಗೆ.

ಹಾಗಾಗಿ ಅವಳು ಕಿವಿಯಾದಳು. ಇಲ್ಲಿ ಕೂತು ಕೂತು ಸದ್ದಿನಲ್ಲೇ ಗುಡ್ಡ ಯಾವುದು, ಬಯಲು ಯಾವುದು ಎಂದು ಹೇಳಬಲ್ಲವಳಾಗಿದ್ದಳು. ಹೊಲಿಗೆ ಬಿಟ್ಟು ಎರಡು ಕಡೆ ಹರಿದರೆ ಸದ್ದು ಎರಡಾಗುತ್ತದೆ ಎಂಬುದೂ ಗೊತ್ತಿತ್ತು. ಮಂತ್ರಿ ಅವಳ ಮನೆಗೆ ಬಂದಾಗಲೆಲ್ಲ, ಅವನು ಬಚ್ಚಲಿಗೆ ಹೋದರೆ ಅವಳಿಗೆ ಅದೇ ಹೊತ್ತಿಗೆ ಬಚ್ಚಲ ಬಾಗಿಲ ಬಳಿ ಏನಾದರೂ ಕೆಲಸ ಹುಟ್ಟುತ್ತಿತ್ತು. ಟವೆಲು ಮಡಚುವುದು, ಕನ್ನಡಿ ಒರೆಸುವುದು, ಮಡಚಿದ ಟವೆಲನ್ನು ಬಿಡಿಸಿ ಮತ್ತೆ ಮಡಚುವುದು. ಅವನು ಹೊರಗೆ ಬಂದ ಕೂಡಲೇ, "ನೇರವಾಗಿ ಬಂತಾ ಕಂದ?" ಎಂದು ಕೇಳುತ್ತಿದ್ದಳು. ಮಂತ್ರಿ ಕೈ ಕಟ್ಟಿಕೊಂಡು ಗಂಭೀರವಾಗಿ ತಲೆಯಾಡಿಸಿ ಮುಂದಿನ ಕಾಮಗಾರಿಗೆ ಹೋಗುತ್ತಿದ್ದ. ಅವಳಿಗೆ ಕೇಳಿಸಿದ್ದು ಮಾತ್ರ ತೀರ ಸಣ್ಣದು, ಇಬ್ಬನಿ ಎಲೆಯಿಂದ ಜಾರಿದ ಹಾಗೆ. ಅದನ್ನು ನೆನೆದು ರಾತ್ರಿ ಹೊರಳಾಡುತ್ತಿದ್ದಳು. "ಈ ಮನೇಲಿ ಇನ್ನು ನಾನೂ ಬಚ್ಚಲಿಗೆ ಹೋಗಕ್ಕೆ ಹೆದರಬೇಕು," ಎಂದು ಗಂಡ ಪೇಪರಿನ ಹಿಂದಿನಿಂದ ಹೇಳುತ್ತಿದ್ದ. "ನಿನ್ನ ಗ್ರಾಫ್ ಯಾರಿಗೆ ಬೇಕಾಗಿದೆ," ಎಂದು ಅವಳು ರೇಗುತ್ತಿದ್ದಳು.

ಮಂತ್ರಿ ಬಂದ. ತಮ್ಮ ಬಂದ, ತಮ್ಮನ ಹೆಂಡತಿ ನೀರಿನ ಬಾಟಲಿ ಹಿಡಿದು ಬಂದಳು. "ದಾರಿಯುದ್ದಕ್ಕೂ ಕುಡಿಸಿದ್ದೀನಿ ಅತ್ತಿಗೆ, ಒಂದು ಕೆರೆ ಹೊಟ್ಟೇಲಿದೆ," ಎಂದಳು. ಮಂತ್ರಿ ಕಾಲು ಕಾಲು ಹೆಣೆದುಕೊಂಡು ನಿಂತು ಮಷೀನನ್ನು ತಪಾಸಣೆ ಮಾಡಿದ. ಅವಳು ನಲ್ಲಿ ತಿರುಗಿಸಿದಳು, ಆನೆಯನ್ನು ಬಸ್ಸು ಹತ್ತಿಸಿದಳು. ಆನೆ ಟಿಕೆಟ್ಟು ತೆಗೆದುಕೊಂಡಿತು, ಕಿಟಕಿಯ ಪಕ್ಕ ಕೂತಿತು, ಬಸ್ಸು ಇಳಿಯಿತು, ಮನೆಗೆ ಹೋಗಿ ಮಲಗಿತು. ಪರದೆಯ ಹಿಂದೆ ಸದ್ದಿಲ್ಲ. ಕೊನೆಗೆ ಏನೋ ಬಂತು. ಬಂದು ನಿಂತಿತು, ಮತ್ತೆ ಸ್ವಲ್ಪ ಬಂತು, ನಿಂತಿತು. ಕಾಗದದ ಮೇಲೆ ತಗ್ಗಾದ ಒಂದು ಗೆರೆ, ಅಲ್ಲಲ್ಲಿ ನೆಲಕ್ಕೆ ತಾಗಿ ಎದ್ದು, ಕುಂಟುತ್ತ ಹೋಯಿತು. ಗುಡ್ಡ ಎಲ್ಲೂ ಇರಲಿಲ್ಲ. ಸಣ್ಣ ಡಾಕ್ಟರು ಬಂದು ಹುಡುಗನ ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಕೆ ಇಟ್ಟು ನೋಡಿ, "ಅರ್ಧಕ್ಕರ್ಧ ಒಳಗೇ ಉಳಿದಿದೆ," ಎಂದರು. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇನ್ನೊಂದು ಸಲ ನೀರು ಕುಡಿಸಿ ಮಾಡೋಣ. ಆಗಲೂ ಹೀಗೇ ಬಂದ್ರೆ ಮತ್ತಿನ ಮದ್ದು ಕೊಟ್ಟು ಒಳಗೆ ನೋಡಬೇಕಾಗತ್ತೆ. ಇಕ್ಕಟ್ಟಿದ್ರೆ ಅಗಲ ಮಾಡಬೇಕು." ಅವರು ಎಲ್ಲರಿಗೂ ಹೇಳಿದರು. ಅವಳಿಗೆ ಮಾತ್ರ ಹೇಳಿದ ಹಾಗೆ ಕೇಳಿಸಿತು. ಇಕ್ಕಟ್ಟಾಗದೆ ಇನ್ನೇನಾಗತ್ತೆ ಎಂದು ದೊಡ್ಡ ಡಾಕ್ಟರ ದನಿ ಎಲ್ಲಿಂದಲೋ ಬಂತು, ಫ್ಯಾನಿನ ಗಾಳಿಯೂ ಬಂತು.

ಹೊರಗಿನ ಬೆಂಚಿನ ಮೇಲೆ ನಾಲ್ವರೂ ಕೂತರು. ಮಂತ್ರಿ ಬಾಟಲಿ ಚೀಪುತ್ತಿದ್ದ. ತಮ್ಮನ ಹೆಂಡತಿ ಬಾಟಲಿಯ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ಒಂದೇ ಸಲಕ್ಕೆ ಮುಗಿಯತ್ತೆ ಅಂದಿದ್ರಿ," ಎಂದು ಆ ಮುಚ್ಚಳಕ್ಕೇ ಹೇಳಿದಳು. "ಈಗ್ಯಾಕೆ ಅದೆಲ್ಲ," ಎಂದ ತಮ್ಮ. "ನಾನೇನು ಅಂದೆ? ಅತ್ತಿಗೆ ಹೇಳಿದ್ದನ್ನೇ ಹೇಳ್ದೆ. ದಿನಾ ನೋಡೋರು, ಗೊತ್ತಿರತ್ತೆ ಅಂದ್ಕೊಂಡ್ವಿ." ಗೊತ್ತಿರಲಿಲ್ಲ ಎಂದರೆ ಕುರ್ಚಿಯ ಕಥೆಯನ್ನೂ ಹೇಳಬೇಕಾಗುತ್ತಿತ್ತು. ತಮ್ಮನ ಹೆಂಡತಿ ಮಗನ ಕಡೆ ತಿರುಗಿ, "ಅಲ್ಲ ಕಣೋ, ಮನೇಲಿ ಪಕ್ಕದ ಮನೆಯವರಿಗೂ ಕೇಳೋ ಹಾಗೆ ಹೊಯ್ತೀಯಲ್ಲ. ಇಲ್ಲೇನಾಯ್ತು ನಿಂಗೆ?" ಎಂದಳು.

"ಮನೇಲಿ ಅತ್ತೆ ಇರಲ್ಲ," ಎಂದ ಮಂತ್ರಿ.

"ಅತ್ತೆ ಇದ್ರೆ ಏನಾಗತ್ತೆ?"

"ಅತ್ತೆ ಕೇಳಿಸ್ಕೋತಾರೆ." ಅವನು ಬಾಟಲಿಯನ್ನು ಬಾಯಿಂದ ತೆಗೆದು ವಿವರವಾಗಿ ಹೇಳಿದ. "ಅವರ ಮನೇಲಿ ಬಾಗಿಲ ಹತ್ರಾನೇ ನಿಂತಿರ್ತಾರೆ. ಬಾಗಿಲ ಕೆಳಗೆ ಕಾಲು ಕಾಣ್ಸತ್ತೆ. ಅದಕ್ಕೇ ನಾನು ಸ್ವಲ್ಪ ಸ್ವಲ್ಪಾನೇ ಬಿಡ್ತೀನಿ. ಸದ್ದಾಗದ ಹಾಗೆ, ಗೋಡೆಗೆ."

ತಮ್ಮ ಮೊದಲು ನಕ್ಕ. ಆಮೇಲೆ ಅವನ ಹೆಂಡತಿಗೆ ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅದಕ್ಕೇನಾ ನಿಮ್ಮ ಮನೆಯಿಂದ ಬಂದ ಕೂಡ್ಲೇ ಚಪ್ಪಲಿ ಸಮೇತ ಬಚ್ಚಲಿಗೆ ಓಡೋದು," ಎಂದಳು. ಇವಳಿಗೆ ತನ್ನ ಕಾಲುಗಳು ಕಂಡವು. ಬಾಗಿಲ ಕೆಳಗಿನ ಸಂದಿಯಲ್ಲಿ, ಬೆರಳುಗಳು ಒಳಮುಖವಾಗಿ, ಕಾಯುತ್ತ ನಿಂತ ಎರಡು ಕಾಲು. ಎಷ್ಟು ಸಲ ಅವನ್ನು ನೋಡುತ್ತ ಆ ಮಗು ಬಿಗಿಹಿಡಿದುಕೊಂಡು ನಿಂತಿತ್ತೋ. ಊರಿನ ಹುಡುಗರನ್ನೆಲ್ಲ ಸಡಿಲಗೊಳಿಸುವ ನಲ್ಲಿ ಅಕ್ಕ ತನ್ನ ತಮ್ಮನ ಮಗನಿಗೆ ಮುಚ್ಚಳವಾಗಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆದರೆ ನಾಚಿಕೆಯ ಬೆನ್ನಿಗೇ ಒಂದು ಹಗುರವೂ ಬಂತು: ಹಾಗಾದರೆ ಹೊಲಿಗೆಯ ತಪ್ಪಲ್ಲ, ತಾನು ಕೊಟ್ಟ ಸಲಹೆಯ ತಪ್ಪೂ ಅಲ್ಲ. ಆ ಹಗುರವನ್ನು ಅವಳು ಕೂಡಲೇ ಅನುಮಾನಿಸಿದಳು. ಅದು ತೀರ ಅನುಕೂಲವಾಗಿತ್ತು. ಕುರ್ಚಿಯ ಅಪರಾಧದಿಂದ ಪಾರಾಗಲು ಬಾಗಿಲ ಅಪರಾಧವನ್ನು ಸಂತೋಷವಾಗಿ ಒಪ್ಪಿಕೊಳ್ಳುತ್ತಿದ್ದೇನೆಯೇ? ಒಳಗೆ ನಿಜವಾಗಿಯೂ ಇಕ್ಕಟ್ಟಿದ್ದರೆ? ಮನೆಯಲ್ಲಿ ಜೋರು ಎಂಬುದು ತಾಯಿಯ ಮಾತು. ತಾಯಂದಿರಿಗೆ ತಮ್ಮ ಮಕ್ಕಳದೆಲ್ಲ ಜೋರೇ.

ಸಣ್ಣ ಡಾಕ್ಟರಿಗೆ ಹೇಳುವಾಗ ಅವಳು ಅವರ ಕೋಟಿನ ಗುಂಡಿಯನ್ನೇ ನೋಡುತ್ತ ಹೇಳಿದಳು. ಅವರು ಗಟ್ಟಿಯಾಗಿ ನಕ್ಕರು. "ಅಂದ್ರೆ ಒಂದು ಹಂತದ್ದು, ಎರಡು ಹಂತದ್ದು, ಅತ್ತೆ ಹಂತದ್ದು. ಮೂರನ್ನೂ ಹೋಲಿಸ್ಬೇಕಾಗಿತ್ತು ನಾವು." ಆಮೇಲೆ ನಗು ನಿಲ್ಲಿಸಿ, "ಸರಿ. ಇನ್ನೊಂದು ಸಲ ಮಾಡೋಣ. ನೀವಿಲ್ಲದೆ," ಎಂದರು. ಆ ಕೋಣೆಯ ಮಟ್ಟಿಗೆ ಆ ಮಾತನ್ನು ಯಾರೂ ಈವರೆಗೆ ಆಡಿರಲಿಲ್ಲ. ಹಸಿರು ಬಟನ್ನು ಒತ್ತಬೇಕು, ಹುಡುಗ ಮುಗಿಸುವ ತನಕ ಮೇಜಿಗೆ ಕೈ ತಾಗಿಸಬಾರದು ಎಂದು ಅವಳು ಅವರಿಗೆ ಹೇಳಿಕೊಟ್ಟಳು. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು. ಅವಳು ಹೊರಗಿನ ಬೆಂಚಿಗೆ ಹೋಗಿ ಕೂತಳು. ಮಂತ್ರಿ ಬಾಗಿಲಿಂದ ಇಣುಕಿ, "ಅಲ್ಲಿಂದಾನೂ ಕೇಳತ್ತೆ," ಎಂದ. ಅವಳು ಮೆಟ್ಟಿಲ ಹತ್ತಿರ ಹೋದಳು. "ಅಲ್ಲಿಂದಾನೂ." ಕೊನೆಗೆ ಒಪ್ಪಂದವಾಯಿತು: ಅತ್ತೆ ಕೆಳಗೆ ಅಂಗಳಕ್ಕೆ ಹೋಗಬೇಕು, ಕಿಟಕಿಯಿಂದ ಮಂತ್ರಿಗೆ ಕಾಣುವ ಹಾಗೆ ನಿಲ್ಲಬೇಕು, ಎರಡೂ ಕಿವಿ ಮುಚ್ಚಿಕೊಂಡಿರಬೇಕು.

ಅಂಗಳದಲ್ಲಿ ಬಿಸಿಲಿತ್ತು. ಆಂಬುಲೆನ್ಸುಗಳ ನಡುವೆ, ಚೀಟಿಗಾಗಿ ಸಾಲು ನಿಂತ ಜನರೆದುರು, ಬಿಳಿ ಕೋಟು ತೊಟ್ಟು ಎರಡು ಅಂಗೈಗಳನ್ನು ಕಿವಿಗಳಿಗೆ ಒತ್ತಿಕೊಂಡು ಅವಳು ನಿಂತಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಒಬ್ಬ ಅಜ್ಜಿ ಏನು ಸಿಡಿಯುತ್ತದೋ ಎಂದು ತಾನೂ ಸ್ವಲ್ಪ ದೂರ ಸರಿದಳು. ಮೇಲೆ ಕಿಟಕಿಯಲ್ಲಿ ಮಂತ್ರಿಯ ತಲೆ ಬಂತು, ತಪಾಸಣೆ ಮಾಡಿತು, ಹೋಯಿತು, ಮತ್ತೆ ಬಂತು. ಅಷ್ಟರಲ್ಲಿ ದೊಡ್ಡ ಡಾಕ್ಟರು ಕಂಕುಳಲ್ಲಿ ಫೈಲು ಇರುಕಿಕೊಂಡು ಕಾರಿನ ಕಡೆ ಹೊರಟವರು ಅವಳೆದುರು ನಿಂತರು. ಅವರ ತುಟಿ ಅಲುಗಿತು. ಏನಮ್ಮ, ಕಿವಿ ನೋವಾ, ಎಂದಿರಬೇಕು. ಕೈ ತೆಗೆಯುವ ಹಾಗಿರಲಿಲ್ಲ. ತೆಗೆದರೆ ಕರಾರು ಮುರಿಯುತ್ತದೆ. ಅವಳು ಗದ್ದದಿಂದ ಮೇಲಿನ ಕಿಟಕಿ ತೋರಿಸಿದಳು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಕಿಟಕಿಯಲ್ಲಿ ಮಂತ್ರಿ ಅವರನ್ನು ನೋಡಿ, ತನ್ನ ಎರಡು ಕೈಗಳನ್ನು ಕಿವಿಯ ಮೇಲಿಟ್ಟು ತೋರಿಸಿ, ಬೆರಳು ಚಾಚಿದ. ನೀವೂ. ದೊಡ್ಡ ಡಾಕ್ಟರು ಯಾಕೆಂದು ಕೇಳಲಿಲ್ಲ. ಫೈಲನ್ನು ಆಂಬುಲೆನ್ಸಿನ ಬಾನೆಟ್ಟಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಅವಳ ಪಕ್ಕದಲ್ಲಿ ಬಂದು ನಿಂತು, ಎರಡೂ ಕಿವಿ ಮುಚ್ಚಿಕೊಂಡರು. ಇದು ದಿನವೂ ಇರುವ ಕೆಲಸ ಎಂಬಷ್ಟು ಸಹಜವಾಗಿ. ಮಂತ್ರಿಯ ತಲೆ ಮರೆಯಾಯಿತು.

ಅಂಗೈಯೊಳಗೆ ಅವಳಿಗೆ ತನ್ನ ರಕ್ತದ ಸದ್ದು ಮಾತ್ರ ಕೇಳುತ್ತಿತ್ತು, ದೂರದ ಹೊಳೆಯ ಹಾಗೆ. ಅದರಲ್ಲೂ ಅವಳ ಕಿವಿ ಗುಡ್ಡವನ್ನೋ ಬಯಲನ್ನೋ ಹುಡುಕಲು ಹೊರಟಿತು. ಅವಳು ಅದನ್ನು ಹಿಡಿದು ವಾಪಸು ಕೂರಿಸಿದಳು. ಪಕ್ಕದಲ್ಲಿದ್ದ ಮುದುಕರ ಮೊಣಕೈ ಆಗಾಗ ಅವಳ ಮೊಣಕೈಗೆ ತಾಗುತ್ತಿತ್ತು. ಕೋಟಿನ ತೋಳಿನ ಅಂಚಿನಲ್ಲಿ ದಾರ ಬಿಟ್ಟಿತ್ತು, ಕತ್ತರಿಸದೆ ಹಾಗೇ ಜೋತಾಡುತ್ತಿತ್ತು. ಅವರು ಆವತ್ತು ಸೆಕೆಗೆ ಫ್ಯಾನು ಕೇಳಿದ್ದಿರಬಹುದು, ಬರೀ ಸೆಕೆಗೆ, ಎಂದು ಇದ್ದಕ್ಕಿದ್ದ ಹಾಗೆ ಅನ್ನಿಸಿತು. ಎಷ್ಟು ಹೊತ್ತಾಯಿತೋ. ಸಣ್ಣ ಡಾಕ್ಟರು ಕಿಟಕಿಗೆ ಬಂದು ಗಾಳಿಯಲ್ಲಿ ಬೆರಳಿನಿಂದ ಗೆರೆ ಬರೆದರು: ಏರಿತು, ಏರಿತು, ಮೇಲೆ ಸ್ವಲ್ಪ ದೂರ ನೇರ ನಡೆಯಿತು, ಇಳಿಯಿತು. ನೆತ್ತಿ ಚಪ್ಪಟೆಯಾದ ಗುಡ್ಡ. ಆಮೇಲೆ ಹೊಟ್ಟೆ ಮುಟ್ಟಿಕೊಂಡು, ಖಾಲಿ ಎಂದು ಕೈ ಕೊಡವಿದರು. ದೊಡ್ಡ ಡಾಕ್ಟರು ಕೈ ಇಳಿಸಿ ಫೈಲು ಎತ್ತಿಕೊಂಡರು. ಅವಳೂ ಅಂಗೈ ಸಡಿಲಿಸಿದಳು. "ನೆತ್ತಿ ಸ್ವಲ್ಪ ಚಪ್ಪಟೆ. ಬೆಳೀತಾ ಸರಿಹೋಗತ್ತೆ, ಸುಮ್ನೆ ಕೆದಕಬೇಡಿ ಅಂತ ಹೇಳಮ್ಮ ಅವನಿಗೆ," ಎಂದು ಕಿಟಕಿಯಲ್ಲಿದ್ದ ಸಣ್ಣ ಡಾಕ್ಟರ ಕಡೆ ಗದ್ದ ಎತ್ತಿ ಹೇಳಿ, ಎರಡು ಹೆಜ್ಜೆ ಹೋಗಿ ತಿರುಗಿದರು. "ಇನ್ನೊಂದು ವರ್ಷ ಬಿಟ್ಟು ನೋಡಲಿ. ನನ್ನ ಹುಡುಗರಲ್ಲೂ ಎಷ್ಟೋ ಜನರಿಗೆ ಹೀಗೇ ಇರತ್ತೆ."

ಮಂತ್ರಿ ತಾಯಿಯ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ಬಂದ. ತಮ್ಮನ ಹೆಂಡತಿ ದೂರದಿಂದಲೇ, "ನಾಳೆ ಭಾನುವಾರ ಅಲ್ವಾ ಅತ್ತಿಗೆ, ನಾವೇ ಬರ್ತೀವಿ. ಟವೆಲು ಎಲ್ಲ ಇವತ್ತೇ ಮಡಚಿಡಿ," ಎಂದಳು. ಬಚ್ಚಲಿನ ಟವೆಲುಗಳ ವಿಷಯ ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕಾಗಿರಲಿಲ್ಲ. ಮಂತ್ರಿ ಎದುರು ಬಂದು ತಲೆಯೆತ್ತಿ ನೋಡಿದ. ಅವಳ ನಾಲಗೆಯ ತುದಿಗೆ ಹಳೆಯ ಪ್ರಶ್ನೆ ಬಂದು ನಿಂತಿತು, ಅರ್ಧ ಹೊರಗೂ ಬಂತು. ನುಂಗಿದಳು. ಸಡಿಲಾದ ಕೈಗಳು ಇನ್ನೂ ಕಿವಿಯ ಬಳಿಯೇ ಇದ್ದವು, ನಿಧಾನವಾಗಿ ಇಳಿಸಿದಳು.

"ಕೇಳಿಸ್ತಾ?" ಎಂದ ಅವನು.

"ಇಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ."

"ಆ ತಾತಂಗೆ?"

"ಅವರಿಗೂ ಇಲ್ಲ."

ಮಂತ್ರಿ ಅವಳ ಮುಖವನ್ನು ಸಾಕಷ್ಟು ಹೊತ್ತು ಪರಿಶೀಲಿಸಿದ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿ, ಆಂಬುಲೆನ್ಸುಗಳ ಕಡೆ ನೋಡುತ್ತ ಹೇಳಿದ:

"ಎಷ್ಟು ಜೋರಾಗಿತ್ತು ಗೊತ್ತಾ ಅತ್ತೆ. ನೀವು ಕೇಳ್ಬೇಕಿತ್ತು."